ನನ್ನ ಅಕ್ಷರ ಬಿದ್ದ ಮಾಲು

ಕಾರ್ಖಾನೆಯ ಗೇಟಿನ ಮುಂದೆ ಚುನಾವಣೆಯ ಸಭೆ ಇದೆ, ನೀವೇ ಮಾತಾಡಬೇಕು ಎಂದು ಅಪ್ಪಾಸಾಹೇಬರು ಹೇಳಿದಾಗ ನನಗೆ ಖುಷಿಯೇ ಆಯಿತು. ಸುಳ್ಳು ಯಾಕೆ ಹೇಳಲಿ? ಎಷ್ಟೋ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಮೈಕಿನಲ್ಲಿ ಹೇಳುವ ಅವಕಾಶ ತಾನಾಗಿ ಬಂದಿತ್ತು.

ನಾವು ಮಾಡುವುದು ಗ್ಯಾಸ್ ಒಲೆಯ ವಾಲ್ವು. ಒಲೆಯ ಗುಂಡಿ ತಿರುಗಿಸಿದಾಗ ಹಿಂದೆ ತಿರುಗುವ ಹಿತ್ತಾಳೆಯ ತುಂಡು ಇರುತ್ತದಲ್ಲ, ಅದು. ಗ್ಯಾಸು ಬಿಡುವುದೂ ಅದೇ, ತಡೆಯುವುದೂ ಅದೇ. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿನಲ್ಲಿ ಒಂದು ಕಾಲಕ್ಕೆ ಅರವತ್ತೆರಡು ಜನ ಇದ್ದೆವು. ಈಗ ಹನ್ನೊಂದು. ಮಾಲೀಕರು ಅಪ್ಪಾಸಾಹೇಬರು ಸಂಕೇಶ್ವರದ ಕಡೆಯವರು, ನಾನು ಬೆಳಗಾವಿಯವಳು, ಆದ್ದರಿಂದ ಶೆಡ್ಡಿನೊಳಗೆ ಅರ್ಧ ಮಾತು ಕನ್ನಡವೇ. ಗೇಟು ದಾಟಿದರೆ ಮರಾಠಿ.

ನಾನು ಕೊನೆಯ ಮೇಜಿನವಳು. ಹತ್ತೊಂಬತ್ತು ವರ್ಷಗಳಿಂದ ಅದೇ ಮೇಜು. ತಯಾರಾದ ವಾಲ್ವಿಗೆ ಗಾಳಿಯ ಪೈಪು ಸಿಕ್ಕಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತೇನೆ. ಗುಳ್ಳೆ ಬಂದರೆ ಕೆಂಪು ಡಬ್ಬಿಗೆ. ಬರದಿದ್ದರೆ ಒರೆಸಿ, ಹಿಂಬದಿಗೆ ಉಕ್ಕಿನ ಪಂಚು ಇಟ್ಟು ಸುತ್ತಿಗೆಯಿಂದ ಒಂದೇ ಏಟು. ಹಿತ್ತಾಳೆಯ ಮೇಲೆ ‘ಅ’ ಮೂಡುತ್ತದೆ. ಬೇರೆ ಕಾರ್ಖಾನೆಗಳಲ್ಲಿ ಇನ್ಸ್‌ಪೆಕ್ಟರಿಗೆ ಒಂದು ನಂಬರು ಇರುತ್ತದೆ. ನನಗೆ ಮಾತ್ರ ಅಕ್ಷರ. ನನ್ನ ಗಂಡ ದಿಗಂಬರ ಆಗ ಇನ್ನೊಂದು ಕಾರ್ಖಾನೆಯಲ್ಲಿ ಡೈ, ಅಂದರೆ ಉಕ್ಕಿನ ಅಚ್ಚು, ಮಾಡುವ ಕಾರಿಗರ. ಅನುಸೂಯಾ ಎನ್ನುವ ನನ್ನ ಹೆಸರಿನ ಮೊದಲ ಅಕ್ಷರವನ್ನು ಉಕ್ಕಿನ ತುದಿಯಲ್ಲಿ ತಿರುವುಮುರುವಾಗಿ ಕೆತ್ತಿ ಕೊಟ್ಟಿದ್ದರು. ಅಪ್ಪಾಸಾಹೇಬರು ನೋಡಿ ನಕ್ಕು, ಇರಲಿ ಬಿಡ್ರಿ ಅಂದಿದ್ದರು. ಈ ಮಹಾರಾಷ್ಟ್ರದ ಎಷ್ಟೋ ಅಡುಗೆಮನೆಗಳಲ್ಲಿ ಒಲೆಯ ಒಳಗೆ ಒಂದು ಕನ್ನಡ ಅಕ್ಷರ ಕೂತಿದೆ ಎಂದು ನಾನು ಜಂಬ ಪಡುತ್ತಿದ್ದೆ. ಪಡಬಾರದೇ?

ಆಮೇಲೆ ಆ ಒಪ್ಪಂದ ಬಂತು. ಮುಕ್ತ ವ್ಯಾಪಾರ ಒಪ್ಪಂದ. ಯಾವುದೋ ದೇಶಗಳ ಮಾಲಿಗೆ ಬಂದರಿನಲ್ಲಿ ಸುಂಕವಿಲ್ಲ ಎಂದು ಸಹಿ ಹಾಕಿದರು. ಹಾಕಿದವರು ಭೋಸರಿಯ ಹೆಸರು ಕೇಳಿದ್ದರೋ ಇಲ್ಲವೋ. ನಾವು ಬರೀ ಹಿತ್ತಾಳೆಗೆ ಕೊಡುವ ದರದಲ್ಲಿ ಅಲ್ಲಿಂದ ತಯಾರಾದ ವಾಲ್ವೇ ಬಂದು ಬೀಳತೊಡಗಿತು. ನಮ್ಮ ಪಕ್ಕದ ಶೆಡ್ಡು ಗೋದಾಮಾಯಿತು. ಅದರಾಚೆಯದು ಮದುವೆ ಹಾಲ್ ಆಯಿತು. ಲೇಥುಗಳಿದ್ದ ಜಾಗದಲ್ಲಿ ಈಗ ಊಟದ ಎಲೆ ಹಾಕುತ್ತಾರೆ. ದಿಗಂಬರರ ಕಾರ್ಖಾನೆ ಮುಚ್ಚಿ, ಅವರು ಯೆರವಡಾದ ಒಂದು ಐಟಿ ಪಾರ್ಕಿನಲ್ಲಿ ಕಾವಲುಗಾರರಾದರು. ಕೂದಲೆಳೆಯ ಅಳತೆ ಹಿಡಿಯುತ್ತಿದ್ದ ಕೈಯಿಂದ ಈಗ ಬಂದವರ ಕಾರಿನ ಡಿಕ್ಕಿ ತೆಗೆದು ನೋಡುತ್ತಾರೆ.

ಇದೆಲ್ಲ ಆಗುವಾಗ ಯಾವ ಪಕ್ಷದವನೂ ಇತ್ತ ತಲೆ ಹಾಕಲಿಲ್ಲ. ಈ ಸಲ ಇದ್ದಕ್ಕಿದ್ದಂತೆ ಎಲ್ಲರಿಗೂ ನಮ್ಮ ನೆನಪಾಗಿತ್ತು. ನಮ್ಮ ಗೇಟಿಗೆ ಬರಲಿದ್ದ ಉಮೇದುವಾರ ಬಾಳಕೃಷ್ಣನ ಫಲಕದ ಮೇಲೆ ‘ಒಪ್ಪಂದ ಹಟಾವ್, ಭೋಸರಿ ಬಚಾವ್’ ಎಂದಿತ್ತು. ಅವನ ಎದುರಾಳಿಯ ಫಲಕದ ಮೇಲೂ ಹೆಚ್ಚುಕಡಿಮೆ ಅದೇ, ಬಣ್ಣ ಮಾತ್ರ ಬೇರೆ. ನಿಂತಿರುವುದು ವಿಧಾನಸಭೆಗೆ. ಎಂಐಡಿಸಿಯ ರಸ್ತೆಯ ಗುಂಡಿ ಮುಚ್ಚಿಸಲು ಆಗದವರು ಸಮುದ್ರದಾಚೆಯ ಒಪ್ಪಂದ ಮುರಿಯಲು ಹೊರಟಿದ್ದರು. ನನಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಆದರೂ ಯಾರೋ ಒಬ್ಬರು ನಮ್ಮ ಹೆಸರು ಎತ್ತಿದರಲ್ಲ ಎಂದುಕೊಂಡೆ.

ಅಪ್ಪಾಸಾಹೇಬರು ಸಭೆಯ ಮಾತು ಹೇಳಿದ್ದು ಒಂದು ಸೋಮವಾರ. ಸಭೆಗೆ ಇನ್ನೂ ಎರಡು ವಾರ ಇತ್ತು. ಮರುದಿನವೇ ಹಿಂದಿನ ಗೇಟಿನಿಂದ ಟೆಂಪೋ ಬಂತು.

ದೀಪಾವಳಿ ರಜೆ ಮುಗಿದ ಮೇಲೆ ನಮ್ಮ ಲೇಥುಗಳು ತಿರುಗಿಯೇ ಇರಲಿಲ್ಲ. ಹಿತ್ತಾಳೆ ಬಂದಿಲ್ಲ ಎಂದು ಹೇಳಿದ್ದರು. ಟೆಂಪೋ ಬಂದಾಗ ಹಿತ್ತಾಳೆಯೇ ಬಂತೆಂದು ಎಲ್ಲರೂ ಎದ್ದು ನಿಂತೆವು. ಇಳಿದಿದ್ದು ಸರಳುಗಳಲ್ಲ, ಮರದ ಪೆಟ್ಟಿಗೆಗಳು. ಪ್ಯಾಕಿಂಗ್ ಮಾಡುವ ಶೀತಲ್ ಒಂದನ್ನು ಬಿಚ್ಚಿದಳು. ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲಾಗಿ ವಾಲ್ವುಗಳು. ನಮ್ಮದೇ ಅಚ್ಚು, ನಮ್ಮದೇ ಅಳತೆ. ಹಿಂಬದಿ ಮಾತ್ರ ಬೋಳು.

ಅಪ್ಪಾಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಮುಖ ನೋಡದೆ ಹೇಳಿದರು.

“ಅನುಸೂಯಾಬಾಯಿ, ಇವಕ್ಕ ಬರೇ ಅಕ್ಷರ ಹಾಕ್ರಿ. ಟೆಸ್ಟ್ ಬ್ಯಾಡ. ಅಲ್ಲೇ ಆಗೇದ, ಕಾಗದಪತ್ರ ಅದ.”

ಅವರು ಅತ್ತ ಹೋದ ಮೇಲೆ ನಾನು ಐವತ್ತು ವಾಲ್ವು ಎತ್ತಿಕೊಂಡು ನೀರಿಗೆ ಹಾಕಿದೆ. ಒಂಬತ್ತರಲ್ಲಿ ಗುಳ್ಳೆ. ಕೆಲವದರಲ್ಲಿ ಸಣ್ಣ ಸರ, ಎರಡರಲ್ಲಿ ಬುಳಬುಳ. ಆ ಒಂಬತ್ತನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಅವರ ಕ್ಯಾಬಿನ್ನಿಗೆ ಹೋಗಿ ಮೇಜಿನ ಮೇಲೆ ಸುರಿದೆ.

“ಐವತ್ತರಾಗ ಒಂಬತ್ತು,” ಅಂದೆ. “ಇದು ಗ್ಯಾಸ್ ಅದ ಸಾವ್ಕಾರ್ರ. ನೀರಿನ ನಳ ಅಲ್ಲ.”

ಅವರು ಒಂದೊಂದನ್ನೂ ತಿರುಗಿಸಿ ನೋಡಿದರು. ನಲವತ್ತು ವರ್ಷ ಹಿತ್ತಾಳೆ ನೋಡಿದ ಕಣ್ಣು, ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

“ನಮ್ಮ ಮಾಲು ಯಾರೂ ತಗೋಳವಲ್ರು. ಆರು ವರ್ಷ ತಡಕೊಂಡೆ. ಆಚೆ ಈಚೆ ಶೆಡ್ಡಿನವ್ರೆಲ್ಲಾ ತರಿಸಿ ಮಾರಿದ್ರು, ನಾ ತರಿಸಲಿಲ್ಲ. ಈಗ ಇದನ್ನ ಮಾರಿದ್ರ ನಿಮ್ಮ ಹನ್ನೊಂದು ಮಂದಿ ಪಗಾರ ಹೊಂಡತದ. ಇಲ್ಲಂದ್ರ ನಾಳಿನೇ ಕೀಲಿ.”

“ಮಾರ್ರಿ. ನನ್ನ ಅಕ್ಷರ ಯಾಕ ಬೇಕು?”

“ಆ ಅಕ್ಷರ ಇದ್ರನ ಅಂಗಡಿಯವ್ರು ತಗೋತಾರ. ಬೋಳು ಮಾಲು ಪ್ಯಾಟಿ ತುಂಬ ಬಿದ್ದದ.”

“ಹಂಗಿದ್ರ ಒಂದೊಂದೂ ನೀರಿಗೆ ಹಾಕಿ ನೋಡತೀನಿ. ಗುಳ್ಳಿ ಬಂದದ್ದು ತಗದ ಒಗೀತೀನಿ.”

“ಐದರಾಗ ಒಂದು ಒಗದ್ರ ನನಗ ಏನ ಉಳೀತದ್ರಿ? ದಿನಾ ಟೆಂಪೋ ಹೋಗಬೇಕು. ಟೆಸ್ಟ್ ಮಾಡ್ಕೋತ ಕುಂತ್ರ ಯಾವಾಗ ಮುಗೀಬೇಕು?”

“ಒಪ್ಪಂದ ಹಟಾವ್ ಅಂತ ಗ್ವಾಡಿ ತುಂಬ ಹಚ್ಚೀರಿ. ಅದ ಒಪ್ಪಂದದ ಮಾಲು ಹಿಂದಿನ ಗೇಟಿಂದ ತರಸ್ತೀರಿ.”

ಅವರಿಗೆ ನಾಚಿಕೆಯಾಗಲಿಲ್ಲ. ಅದೇ ನನಗೆ ಆಶ್ಚರ್ಯ. “ಎರಡೂ ಖರೇನ ಅದಾವ,” ಅಂದರು. “ಸುಂಕ ಹಾಕಿದ ದಿನಾ ನಾ ಲೇಥ್ ಚಾಲು ಮಾಡತೀನಿ. ಅಲ್ಲೀತನಕ ಜೀವ ಹಿಡೀಬೇಕಲ್ಲ? ನೀವ ಹೇಳ್ರಿ, ಏನ ಮಾಡ್ಲಿ?”

ಮೇಜಿನ ಮೇಲಿನ ಒಂಬತ್ತನ್ನೂ ಮತ್ತೆ ಸೆರಗಿಗೆ ಹಾಕಿಕೊಂಡು ಬಂದು ಕೆಂಪು ಡಬ್ಬಿಗೆ ಸುರಿದೆ. ಅವರ ಮೇಲೆ ಸಿಟ್ಟು ಬಂದಿತ್ತು. ಆ ಸಿಟ್ಟನ್ನು ಹೊತ್ತುಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ದಿಗಂಬರ ರಾತ್ರಿ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದಾಗ, ಜೋಳದ ಭಕ್ಕರಿ ಬಡಿಯುತ್ತಲೇ ಎಲ್ಲ ಹೇಳಿದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆ ಪಂಚು ಕೆತ್ತಿದವರು ಅವರೇ ತಾನೆ? ಮೂರು ರಾತ್ರಿ ಕೂತು, ಅಕ್ಷರದ ಬಾಗು ಸರಿಯಾಗಲಿಲ್ಲವೆಂದು ಎರಡು ತುಂಡು ಎಸೆದು, ಮೂರನೆಯದನ್ನು ಕೊಟ್ಟಿದ್ದರು.

“ಹಾಕು,” ಅಂದರು.

“ಏನಂದ್ರಿ?”

“ಹಾಕು ಅಂದೆ. ನಿನ್ನ ಅಕ್ಷರ ಒಲಿ ಒಳಗ ಇರತದ, ಯಾರ್ ನೋಡ್ತಾರ? ನಾ ಡೈ ಮಾಡತಿದ್ದೆ. ಆರು ವರ್ಷದಿಂದ ಡಿಕ್ಕಿ ತಗದು ಒಳಗ ಬಾಂಬ್ ಅದನೇನಂತ ನೋಡಾಕತ್ತೀನಿ. ಒಂದೂ ಸಿಕ್ಕಿಲ್ಲ. ಒಂದಿನಾನೂ ಯಾರೂ ನನಗ, ದಿಗಂಬರ, ನೀ ಎಂಥಾ ಡೈ ಮಾಡತಿದ್ದಿ ಅಂತ ಕೇಳಿಲ್ಲ.”

“ಗ್ಯಾಸ್ ಹೊತ್ತಗೊಂಡ್ರ?”

“ಗೊತ್ತಿಲ್ಲ ನನಗ. ನಿನಗೂ ಪಗಾರ ನಿಂತ್ರ ಏನ ಆಗತದ ಅಂತ ಮಾತ್ರ ಗೊತ್ತದ.” ಬೂಟು ಮೂಲೆಗಿಟ್ಟು ಸ್ನಾನಕ್ಕೆ ಹೋದರು. ನೀರು ಸುರಿದುಕೊಳ್ಳುವ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು.

ನಾನು ಹಾಕಿದೆ. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಬುಧವಾರದಿಂದ ಶುರುಮಾಡಿ ಒಂಬತ್ತು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ ಠಪ್ ಠಪ್ ಎಂದು ಹಾಕಿದೆ. ನೀರಿನ ತೊಟ್ಟಿ ಪಕ್ಕದಲ್ಲೇ ಇತ್ತು. ಅದರ ಮೇಲೆ ಹಲಗೆ ಮುಚ್ಚಿಟ್ಟೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಆ ಸಹಿ ಹಾಕಿದವರನ್ನು ಬೈದೆ, ಅಪ್ಪಾಸಾಹೇಬರನ್ನು ಬೈದೆ, ಗಂಡನನ್ನು ಬೈದೆ, ಬೈಯುತ್ತಲೇ ಹಾಕಿದೆ. ತಟ್ಟೆ ತುಂಬಿದಂತೆ ಮುಂದಿನ ಕೋಣೆಯಲ್ಲಿದ್ದ ಶೀತಲಳಿಗೆ ಕಳಿಸುತ್ತಿದ್ದೆ. ಅವಳು ಕಾಗದದ ಡಬ್ಬಿಗೆ ಹಾಕಿ, ಅಂಗಡಿಗಳ ವಿಳಾಸ ಬರೆದು, ಟೆಂಪೋಗೆ ಹೇರುತ್ತಿದ್ದಳು. ಸಣ್ಣ ವಾಲ್ವು ಮಾರುವ ಇಪ್ಪತ್ತು ಇಪ್ಪತ್ತೆರಡು ಅಂಗಡಿಗಳು, ಎಲ್ಲವೂ ಅವಳಿಗೆ ಬಾಯಿಪಾಠ.

ಈ ನಡುವೆ ಬಾಳಕೃಷ್ಣನ ಕಾರ್ಯಕರ್ತ ದತ್ತು ಎಂಬವನು ಸಭೆಯ ತಯಾರಿಗೆ ಬಂದ. ಕೊರಳಲ್ಲಿ ಪಕ್ಷದ ಶಾಲು, ಎರಡು ಕೈಯಲ್ಲೂ ಮೊಬೈಲು. ಬರೀ ಭಾಷಣ ಯಾರೂ ಕೇಳುವುದಿಲ್ಲ, ಕಣ್ಣಿಗೆ ಕಾಣುವಂಥದ್ದು ಬೇಕು ಎಂದ. ನನ್ನ ತೊಟ್ಟಿ ನೋಡಿ ಅವನಿಗೆ ಹೊಳೆಯಿತು. ವೇದಿಕೆಯ ಮೇಲೆ ಗಾಜಿನ ತೊಟ್ಟಿ ಇಡುವುದು. ಪರದೇಶದ ವಾಲ್ವು ಮುಳುಗಿಸಿದರೆ ಗುಳ್ಳೆ, ಭೋಸರಿಯ ವಾಲ್ವು ಮುಳುಗಿಸಿದರೆ ಗುಳ್ಳೆ ಇಲ್ಲ. ಜನ ಚಪ್ಪಾಳೆ ತಟ್ಟುತ್ತಾರೆ, ವಿಡಿಯೋ ಊರೆಲ್ಲ ಓಡಾಡುತ್ತದೆ.

“ಪರದೇಶದ್ದೊಂದು ಪೀಸ್ ಎಲ್ಲಿ ಸಿಗುತ್ತದೆ ಶೇಟ್?” ಎಂದು ಅವನು ಮರಾಠಿಯಲ್ಲಿ ಕೇಳಿದ.

“ಸಿಗತದ, ತರಿಸ್ತೀನಿ,” ಎಂದು ಅಪ್ಪಾಸಾಹೇಬರು ಕನ್ನಡದಲ್ಲಿ ನನ್ನ ಕಡೆ ನೋಡಿ ಹೇಳಿ, ಆಮೇಲೆ ಮರಾಠಿಯಲ್ಲಿ ಅವನಿಗೆ ಹೇಳಿದರು. ಅದೇ ಪೆಟ್ಟಿಗೆಯ ಬೋಳು ವಾಲ್ವು ಪರದೇಶದ್ದು. ನನ್ನ ಸುತ್ತಿಗೆಯ ಏಟು ಬಿದ್ದ ಕೂಡಲೇ ಅದು ಭೋಸರಿಯದು. ಪ್ರದರ್ಶನಕ್ಕೆಂದು ಹಳೆಯ ಮಾಲಿನಲ್ಲಿ ಉಳಿದ ನಾಲ್ಕು ಒಳ್ಳೆಯ ವಾಲ್ವು ನಾನೇ ಆರಿಸಿಟ್ಟೆ. ಅಷ್ಟರಮಟ್ಟಿಗೆ ಇಳಿದಿದ್ದೆ.

ಸಭೆಯ ಹಿಂದಿನ ದಿನ ಶನಿವಾರ ಶೀತಲ್ ಕೆಲಸಕ್ಕೆ ಬರಲಿಲ್ಲ. ಶುಕ್ರವಾರವೂ ತಲೆ ಸಿಡಿಯುತ್ತದೆ ಎಂದು ಬೇಗ ಹೋಗಿದ್ದಳು. ಫೋನು ಎತ್ತಲಿಲ್ಲ. ಅವಳು ಜತ್ತದ ಕಡೆಯ ಕನ್ನಡದವಳು. ಗಂಡ ಬಿಟ್ಟು ಹೋಗಿ ಮೂರು ವರ್ಷ, ಐದು ವರ್ಷದ ಮಗಳಿದ್ದಾಳೆ. ಸಂಜೆ ಐದಕ್ಕೆ ಕೆಲಸ ಬಿಟ್ಟು ದಿಘಿ ರಸ್ತೆಯ ಅವಳ ಖೋಲಿಗೆ ಹೋದೆ.

ಬಾಗಿಲು ತೆಗೆದ ಕೂಡಲೇ ನನಗೆ ತಿಳಿಯಿತು. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದವಳ ಮೂಗಿಗೆ ಬೇರೆ ಹೇಳಬೇಕಾಗಿಲ್ಲ. ಒಂದೇ ಖೋಲಿ, ಸೊಳ್ಳೆ ಬರುತ್ತವೆಂದು ಇದ್ದೊಂದು ಕಿಟಕಿಯನ್ನೂ ಮುಚ್ಚಿದ್ದಳು. ಒಳಗೇ ಇದ್ದವಳ ಮೂಗಿಗೆ ಗ್ಯಾಸಿನ ವಾಸನೆ ರೂಢಿಯಾಗಿತ್ತು. ಮಗಳು ಗೋಡೆಯ ಪಕ್ಕ ಮಲಗಿದ್ದಳು. ಹೊಟ್ಟೆ ತೊಳಸುತ್ತದೆ ಎಂದು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದಳು ಶೀತಲ್. ನಾನು ಓಡಿಹೋಗಿ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿದೆ, ಕಿಟಕಿ ತೆಗೆದೆ, ದೀಪ ಹಚ್ಚಬೇಡ ಎಂದೆ. ತಾಯಿ ಮಗಳನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿದೆ. ಮಗುವಿನ ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ.

ಖೋಲಿಗೆ ಗಾಳಿಯಾಡಿದ ಮೇಲೆ ಸಾಬೂನಿನ ನೀರು ಮಾಡಿ ರೆಗ್ಯುಲೇಟರ್ ಒಂದು ಕ್ಷಣ ತೆರೆದು ವಾಲ್ವಿನ ಮೇಲೆ ಹಚ್ಚಿದೆ. ಎಡಗಡೆಯದರಲ್ಲಿ ಗುಳ್ಳೆಗಳು ಎದ್ದವು. ಮತ್ತೆ ಮುಚ್ಚಿ, ಪಕ್ಕದ ಮನೆಯಿಂದ ನಟ್ಟು ಬಿಚ್ಚುವ ಪಾನಾ ತಂದು ಅದನ್ನು ಬಿಚ್ಚಿದೆ. ತಿರುಗಿಸಿ ನೋಡಿದರೆ ಹಿಂಬದಿಗೆ ‘ಅ’. ಹೊಸ ಏಟು, ಅಂಚು ಇನ್ನೂ ಹೊಳೆಯುತ್ತಿತ್ತು.

“ಎಲ್ಲಿಂದ ತಂದಿ ಇದನ್ನ?”

ಅವಳು ತಲೆ ತಗ್ಗಿಸಿದಳು. “ಹಳೇ ವಾಲ್ವು ಬಿಗಿ ಆಗಿತ್ರಿ. ಡಬ್ಬಿಯಾಗಿನವು ಎರಡು ತಂದು ಕೂಡಿಸ್ಕೊಂಡೆ. ಸಾವ್ಕಾರ್ರಿಗೆ ಹೇಳಬ್ಯಾಡ್ರಿ ಅಕ್ಕಾ.”

“ಹುಚ್ಚಿ, ಪೆಟ್ಟಿಗಿ ಬಿಚ್ಚಿದಾಕಿ ನೀನ. ಇದು ಹೊರಗಿಂದ ಬಂದ ಮಾಲು ಅಂತ ನಿನಗ ಗೊತ್ತಿತ್ತಲ್ಲ.”

“ಗೊತ್ತಿತ್ರಿ. ಬೋಳು ಇದ್ದದ್ದು ನಾ ಮುಟ್ಟಲಿಲ್ಲ.” ಅವಳು ನನ್ನನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು. “ನಿಮ್ಮ ಅಕ್ಷರ ಬಿದ್ದದ್ದನ್ನ ಆರಿಸಿ ತಂದೆ. ಎಲ್ಲಿಂದರೆ ಬರವಲ್ತಾಕ, ನೀವು ನೀರಾಗ ಮುಳುಗಿಸಿ ನೋಡದ ಹಾಕಂಗಿಲ್ಲಲ್ರಿ.”

ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಂದು ಹಾಳು ಬಂದಿರಬೇಕು ಅಂದೆ. ಎರಡನ್ನೂ ಬಿಚ್ಚಿಕೊಂಡು, ಇವತ್ತು ಪಕ್ಕದವರ ಒಲೆಯ ಮೇಲೆ ಅಡುಗೆ ಮಾಡು, ನಾಳೆ ಒಳ್ಳೆಯದು ತಂದುಕೊಡುತ್ತೇನೆ ಅಂದೆ. ಅವಳು ನನ್ನನ್ನು ಚಹಾ ಕೊಡದೆ ಕಳಿಸುತ್ತಿದ್ದೇನಲ್ಲ ಎಂದು ಪೇಚಾಡಿದಳು. ಆ ಮಾತು ಕೇಳಿ ನನಗೆ ನನ್ನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆ ಒಪ್ಪಂದದವರ ಮೇಲೆ ಇಷ್ಟು ವರ್ಷ ಕಾರಿದ್ದೆಲ್ಲ ಅದರ ಮುಂದೆ ಏನೂ ಅಲ್ಲ.

ಭಾನುವಾರ ಹತ್ತು ಗಂಟೆಗೆ ನಮ್ಮ ಗೇಟಿನ ಮುಂದೆ ಟೆಂಪೋದ ಹಿಂಬದಿಯನ್ನೇ ವೇದಿಕೆ ಮಾಡಿದ್ದರು. ಸಾವಿರ ಜನ ಸೇರಿದ್ದರು. ಅರ್ಧ ಕೆಲಸ ಹೋದವರು, ಅರ್ಧ ಹೋಗಲಿರುವವರು. ಗಾಜಿನ ತೊಟ್ಟಿ, ಸೈಕಲ್ ಪಂಪು, ಒಂದು ತಟ್ಟೆಯಲ್ಲಿ ಮೊದಲ ದಿನ ಗುಳ್ಳೆ ಬಂದಿದ್ದ ಬೋಳು ವಾಲ್ವು, ಇನ್ನೊಂದು ತಟ್ಟೆಯಲ್ಲಿ ನಾನು ಆರಿಸಿಟ್ಟ ಹಳೆಯವು. ಬಾಳಕೃಷ್ಣ ಒಂದು ಹಳೆಯ ವಾಲ್ವನ್ನು ಎತ್ತಿ ಹಿಡಿದು, ಇದು ಭೋಸರಿಯ ಮಗ, ಇವನನ್ನು ಪರದೇಶದವನು ಮನೆಯಿಂದ ಹೊರಗೆ ಹಾಕಿದ್ದಾನೆ ಎಂದ. ಜನ ಕೂಗಿದರು. ಚೆನ್ನಾಗಿಯೇ ಮಾತಾಡಿದ. ನಮ್ಮ ಮುಚ್ಚಿದ ಶೆಡ್ಡುಗಳ ಹೆಸರನ್ನು ಒಂದೊಂದಾಗಿ ಹೇಳಿದಾಗ ನಾನೂ ಮನಸ್ಸಿನಲ್ಲೇ ಅವುಗಳನ್ನು ಎಣಿಸುತ್ತಾ ಹೋದೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳು ತಟ್ಟೆಯಲ್ಲಿತ್ತು.

ಆಮೇಲೆ ನನ್ನನ್ನು ಕರೆದರು. ದತ್ತು ಪಂಪು ಹಿಡಿದ. ಮೊದಲು ಬೋಳು ವಾಲ್ವು ಮುಳುಗಿಸಿದೆ. ಗುಳ್ಳೆ ಬುಳಬುಳ ಎದ್ದಿತು, ಜನ ನಕ್ಕು ಸೀಟಿ ಹೊಡೆದರು. ಆಮೇಲೆ ತಟ್ಟೆಗೆ ಕೈ ಹಾಕಲಿಲ್ಲ. ನನ್ನ ಪರ್ಸಿನಿಂದ ಶೀತಲಳ ಒಲೆಯ ವಾಲ್ವು ತೆಗೆದೆ. ಮುಂದಿನ ಸಾಲಿನವರಿಗೆ ಹಿಂಬದಿ ತೋರಿಸಿದೆ. ನಮ್ಮ ಹಳೆಯ ಕೆಲಸಗಾರರು ಅಲ್ಲೇ ಇದ್ದರು, ಆ ಅಕ್ಷರ ಎಲ್ಲರಿಗೂ ಗೊತ್ತು. ಪಂಪಿಗೆ ಸಿಕ್ಕಿಸಿ ನೀರಿಗೆ ಇಳಿಸಿದೆ.

ಗುಳ್ಳೆಗಳು ಒಂದರ ಹಿಂದೆ ಒಂದು ಮೇಲಕ್ಕೆ ಬಂದವು.

ಬಾಳಕೃಷ್ಣ ಚುರುಕು. “ಬಾಯಿ, ಅದಲು ಬದಲಾಯಿತು, ಅದೂ ಪರದೇಶದ್ದೇ,” ಎಂದು ಮೈಕಿನಲ್ಲೇ ಹೇಳಿ ನಕ್ಕ. ಜನರೂ ನಕ್ಕರು.

ನಾನು ಮೈಕು ತೆಗೆದುಕೊಂಡೆ. ಮರಾಠಿಯಲ್ಲೇ ಹೇಳಿದೆ. “ಬದಲಾಗಿಲ್ಲ ದಾದಾ. ಪರದೇಶದ್ದು ಹೌದು. ಇದರ ಮೇಲಿರುವ ಗುರುತು ಮಾತ್ರ ನನ್ನದು. ಆ ಒಪ್ಪಂದಕ್ಕೆ ಯಾರೋ ದಿಲ್ಲಿಯಲ್ಲಿ ಸಹಿ ಹಾಕಿದರು. ಈ ಗುರುತನ್ನು ನಾನು ಇದೇ ಶೆಡ್ಡಿನಲ್ಲಿ ಕೂತು ಹಾಕಿದೆ. ನೀರಿಗೆ ಹಾಕಿ ನೋಡದೆ ಹಾಕಿದೆ. ಒಂದಲ್ಲ ಎರಡಲ್ಲ, ನಾಲ್ಕು ಸಾವಿರ. ಅವು ಅಂಗಡಿಗಳಿಗೆ ಹೋಗಿವೆ. ನೀವು ಹೊಸ ವಾಲ್ವು ತಂದಿದ್ದರೆ ಇವತ್ತೇ ಮನೆಗೆ ಹೋಗಿ—”

ಅಲ್ಲಿಗೆ ಮೈಕು ಸತ್ತಿತು. ದತ್ತು ಪಂಪು ಬಿಟ್ಟು ವೈರು ಕಿತ್ತಿದ್ದ. ನಾನು ಬರೀ ಗಂಟಲಲ್ಲಿ ಕೂಗಿದೆ. ಮುಂದಿನ ನಾಲ್ಕು ಸಾಲಿಗೆ ಕೇಳಿಸಿರಬಹುದು. ಜನಸಂದಣಿಯ ಅಂಚಿನಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದ ಶೀತಲ್ ನನಗೆ ಕಂಡಳು. ಅವಳ ಬಾಯಿ ತೆರೆದೇ ಇತ್ತು.

ಬಾಳಕೃಷ್ಣ ಎಷ್ಟು ಹೊತ್ತು ಗಲಿಬಿಲಿಯಾಗಿದ್ದ ಎಂದುಕೊಂಡಿರಿ? ಅರ್ಧ ನಿಮಿಷ. ಬೇರೆ ಮೈಕು ತರಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟ. “ನೋಡಿದಿರಾ? ಈ ಒಪ್ಪಂದ ನಮ್ಮ ತಾಯಂದಿರನ್ನು ಎಂಥ ಪಾಪಕ್ಕೆ ತಂದು ನಿಲ್ಲಿಸಿದೆ ನೋಡಿದಿರಾ? ಬುಧವಾರ ಮತ ಹಾಕುವಾಗ ಈ ತಾಯಿಯ ಕಣ್ಣೀರು ನೆನಪಿರಲಿ,” ಎಂದ. ನನ್ನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಪಾಪಿಗಳು, ಚಪ್ಪಾಳೆ ತಟ್ಟಿದರು. ನಾಲ್ಕು ಸಾವಿರ ಒಲೆಯ ಮಾತು ಹೇಳಿದರೆ ಅದನ್ನೂ ಓಟು ಮಾಡಿಕೊಂಡು ಅವನು ಮುಂದಿನ ಗೇಟಿಗೆ ಹೋದ. ನಾನು ಅವನ ಕೈಯನ್ನು ಹೆಗಲಿನಿಂದ ಕಿತ್ತು ಎಸೆದದ್ದು ಯಾವ ವಿಡಿಯೋದಲ್ಲೂ ಇಲ್ಲ.

ಜನ ಚದುರಿದ ಮೇಲೆ ಅಪ್ಪಾಸಾಹೇಬರು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಕ್ಷರ ಉಳಿಸ್ಕೊಂಡ್ರಿ,” ಅಂದರು. “ಹನ್ನೊಂದು ಮಂದಿದು?”

“ಅಕ್ಷರ ಎಲ್ಲಿ ಉಳೀತ್ರಿ? ಅದನ್ನ ನಾನ ಹಾಳ ಮಾಡೀನಿ. ಯಾವ ಅಂಗಡಿಗೆ ಎಷ್ಟು ಹೋಗೇದ, ಅದನ್ನ ಕೊಡ್ರಿ. ಹಿಂದಕ್ಕ ತರಬೇಕು.”

“ಹಿಂದಕ್ಕ ತರಾಕ ನನ್ನ ಕಡೆ ಏನೂ ಉಳಿದಿಲ್ಲ ಅನುಸೂಯಾಬಾಯಿ.” ಅವರು ಗಾಜಿನ ತೊಟ್ಟಿಯ ನೀರನ್ನು ತಾವೇ ರಸ್ತೆಗೆ ಚೆಲ್ಲಿ, ತೊಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಫೋನು ಮಾಡಿದರೆ ಎತ್ತಲೇ ಇಲ್ಲ.

ಸೋಮವಾರ ಬೆಳಿಗ್ಗೆ ಗೇಟಿಗೆ ಬೀಗ ಬಿದ್ದಿತ್ತು. ಬೀಗದ ಮೇಲೆ ಟೈಪು ಮಾಡಿದ ಒಂದು ಕಾಗದ: ಮುಕ್ತ ವ್ಯಾಪಾರ ಒಪ್ಪಂದದಿಂದ ಉಂಟಾದ ಪರಿಸ್ಥಿತಿಯಲ್ಲಿ ಕಾರ್ಖಾನೆಯನ್ನು ಮುಚ್ಚಲಾಗಿದೆ. ಅದನ್ನು ನಾನು ಎರಡು ಸಲ ಓದಿದೆ. ನನ್ನ ಹೆಸರೂ ಇಲ್ಲ, ಅವರ ಹೆಸರೂ ಇಲ್ಲ. ಎಷ್ಟು ಸುಲಭ ನೋಡಿ. ಎಲ್ಲ ಹೊಲಸನ್ನೂ ಹಾಕಲು ಅದೊಂದು ಡಬ್ಬಿ ಸಿಕ್ಕಿತ್ತು ಎಲ್ಲರಿಗೂ. ಒಪ್ಪಂದ ಕೆಟ್ಟದ್ದೇ, ನಮ್ಮ ಕತ್ತು ಹಿಸುಕಿದ್ದೂ ಅದೇ. ಆದರೆ ಸುತ್ತಿಗೆ ಅದು ಹಿಡಿದಿರಲಿಲ್ಲ.

ಗೇಟಿನ ಮುಂದೆ ಎಂಟು ಹತ್ತು ಜನ ನಿಂತಿದ್ದರು. ಪಾಲಿಶ್ ಮಾಡುವ ಮಾಂತು ನನ್ನನ್ನು ನೋಡಿ ರಸ್ತೆಗೆ ಉಗುಳಿ ಆಚೆ ತಿರುಗಿದ. ಶೀತಲ್ ಮಾತ್ರ ನೇರ ನನ್ನ ಹತ್ತಿರ ಬಂದಳು.

“ನನ್ನ ಕೆಲಸ ಹೋತು,” ಅಂದಳು.

“ಹೌದು.”

“ಅದಕ್ಕ ಸಿಟ್ಟಿಲ್ಲ ನನಗ. ಇವತ್ತಲ್ಲ ನಾಳೆ ಹೋಗೂದ ಇತ್ತು.” ಧ್ವನಿ ಏರಿಸಲಿಲ್ಲ, ಆದರೆ ಕುತ್ತಿಗೆಯ ನರ ಉಬ್ಬಿತ್ತು. “ಶನಿವಾರ ನೀವು ನನ್ನ ಮನಿಗೆ ಬಂದ್ರಿ. ನನ್ನ ಕೂಸಿನ ಹಣಿ ಮುಟ್ಟಿ ನೋಡಿದ್ರಿ. ವಾಲ್ವು ನಿಮ್ಮ ಕೈಯಾಗನ ಇತ್ತು. ಆವಾಗ ಹೇಳಲಿಲ್ಲ. ಒಂದು ಹಾಳ ಬಂದಿರಬೇಕು ಅಂದ್ರಿ. ಸಾವಿರ ಮಂದಿ ಮುಂದ ಹೇಳಾಕ ಬಾಯಿ ಬಂತು, ನನ್ನ ಒಬ್ಬಾಕಿ ಮುಂದ ಹೇಳಾಕ ಬರಲಿಲ್ಲ.”

ನಾನು ಏನು ಹೇಳಲಿ? ಒಪ್ಪಂದ ಎನ್ನಲೇ, ಸಾವ್ಕಾರ್ರು ಎನ್ನಲೇ, ಗಂಡ ಹಾಕು ಅಂದರು ಎನ್ನಲೇ? “ಅಂಜಿದೆ,” ಅಂದೆ. “ನಿನ್ನ ಮಾರಿ ನೋಡಿ ಹೇಳಾಕ ಅಂಜಿದೆ.”

ಅವಳು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಸರಿಯಾಗಿಯೇ ಇರುತ್ತಿತ್ತು.

“ವಿಳಾಸ ನಿನಗ ಬಾಯಿಪಾಠ ಅದಾವ,” ಅಂದೆ. “ಹೇಳು. ಒಂದೊಂದ ಅಂಗಡಿಗೂ ಹೋಗತೀನಿ. ಕೈ ಮುಗದರೆ ತರತೀನಿ, ಜಗಳಾಡಿದರೆ ತರತೀನಿ.”

ನಾನು ಗೇಟಿನ ಕೆಳಗೆ ಬಿದ್ದಿದ್ದ ಬಾಳಕೃಷ್ಣನ ಒಂದು ಕರಪತ್ರ ಎತ್ತಿಕೊಂಡು, ಅದರ ಬೆನ್ನಿನ ಖಾಲಿ ಕಡೆ ಪೆನ್ನು ಇಟ್ಟು ಕಾಯ್ದೆ.

“ಬರಕೋರಿ,” ಅಂದಳು. “ಹಡಪಸರ, ಎರಡು ಅಂಗಡಿ. ಒಂದು ಭಾಜಿ ಮಾರ್ಕೆಟ್ ಎದುರಿಗೆ. ಚಾಕಣ, ಮೂರು. ಆಳಂದಿ, ಮಠದ ಓಣ್ಯಾಗ ಒಂದು. ಯೆರವಡಾ, ಒಂದು.” ಅವಳು ಹೇಳುತ್ತಾ ಹೋದಳು, ಒಂದೂ ತಡವರಿಸದೆ, ಪ್ರತಿಯೊಂದನ್ನೂ ನನ್ನ ಮುಖಕ್ಕೆ ಎಸೆಯುವವಳಂತೆ. ಹೇಳುತ್ತಾ ಹೇಳುತ್ತಾ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಕೈ ನಿಂತರೆ, “ಬರೀರಿ, ಇನ್ನೊಮ್ಮೆ ಹೇಳಂಗಿಲ್ಲ,” ಅನ್ನುತ್ತಿದ್ದಳು. ಮಾಂತು ದೂರದಿಂದಲೇ, ಸಾಸ್ವಡದ್ದು ಬಿಟ್ಟಿ ಎಂದು ಅವಳಿಗೆ ಹೇಳಿದ. ನನಗೆ ಹೇಳಲಿಲ್ಲ.

“ಕಡೀದು ಜೇಜುರಿ,” ಅಂದಳು. “ಖಂಡೋಬಾನ ಗುಡಿ ಮೆಟ್ಟಲ ಕೆಳಗಿನ ಅಂಗಡಿ. ಅಲ್ಲಿ ಚಹಾದ ಅಂಗಡಿಯವ್ರು, ಖಾನಾವಳಿಯವ್ರು ಎಲ್ಲಾ ಆ ಅಂಗಡಿಯವನ ಕಡೆನ ತಗೋತಾರ. ನಮ್ಮ ಕಡೆ ಮಂದಿ ಖಂಡೋಬಾಗ ಬಂದವ್ರು ಅಲ್ಲೇ ಉಣತಾರ.”

“ಮೊದಲ ಅಲ್ಲಿಗೇ ಹೋಗತೀನಿ.”

“ನೀವು ಹಡಪಸರಕ್ಕ ಹೋಗ್ರಿ. ಜೇಜುರಿಗೆ ನಾ ಹೋಗತೀನಿ. ಆ ಡಬ್ಬಿ ಕಟ್ಟಿದ ಕೈ ನನ್ನದು.”

“ಇಬ್ಬರೂ ಕೂಡಿ ಹೋಗೂಣು ಶೀತಲ್. ಒಬ್ಬಾಕಿ ಹೆಂಗ—”

“ನಿಮ್ಮ ಕೂಡ ನಾ ಎಲ್ಲಿಗೂ ಬರಂಗಿಲ್ಲ,” ಅಂದಳು. ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಡಪಸರದ ಬಸ್ಸು ಹಿಡಿಯಬೇಕಾದ್ದೂ ಅದೇ ಸ್ಟ್ಯಾಂಡಿನಲ್ಲಿ. ಅವಳು ಅಷ್ಟು ದೂರ ಹೋಗುವವರೆಗೆ ಕಾಯ್ದು, ಆಮೇಲೆ ಹಿಂದಿನಿಂದ ಹೊರಟೆ.